ಹಣೆಯಲ್ಲಿ ಇಪ್ಪತ್ತನಾಲ್ಕು

ಸಿನಿಮಾದ ದಪ್ಪ ಮನುಷ್ಯ ಇನ್ನೂ ಮೆಟ್ಟಿಲ ತುದಿಯಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದ. ಜೋಕಿನ ಮಾತಿಗೆ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ಮಾವ ನಕ್ಕುಬಿಟ್ಟರು. ನಗು ಅಂದರೆ ಅಂತಿಂಥ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಕುರ್ಚಿಯ ಕೈ ಬಡಿದು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕ ನಗು. ಕೋಣೆಯಲ್ಲಿದ್ದ ಉಳಿದ ಮೂವರು ಟಿವಿ ಬಿಟ್ಟು ಅವರನ್ನೇ ನೋಡಿದರು. ಆಮೇಲೆ ದಪ್ಪ ಮನುಷ್ಯ ಕನ್ನಡಕ ಏರಿಸಿಕೊಂಡ. ತಾನು ಇಷ್ಟು ಹೊತ್ತು ಮುದ್ದಾಗಿ ಮಾತಾಡಿಸುತ್ತಿದ್ದದ್ದು ಹೆಂಡತಿಯನ್ನಲ್ಲ, ಅವಳ ಕೋಟು ತೊಟ್ಟ ಪೊಲೀಸ್ ಇನ್‌ಸ್ಪೆಕ್ಟರನ್ನು ಎಂದು ಅವನಿಗೆ ತಿಳಿಯಿತು. ಅನ್ನಬೇಕಾದದ್ದನ್ನು ಅಂದ. ಜೋಕು ಚೆನ್ನಾಗಿಯೇ ಇತ್ತು. ಆದರೆ ನಗಲು ಯಾರಿಗೂ ಮನಸ್ಸು ಬರಲಿಲ್ಲ.

"ನೋಡಿದ್ಯಾ ಅಮ್ಮ? ಮತ್ತೆ ಶುರುವಾಯ್ತು," ಎಂದ ಮಗ. ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. ತಗ್ಗಿಸಿದರೂ ಒಂದೇ, ಕೂಗಿದರೂ ಒಂದೇ. ಅಪ್ಪನಿಗೆ ಕಿವಿ ಪೂರ್ತಿ ಹೋಗಿ ವರ್ಷಗಳೇ ಆಗಿದ್ದವು.

ಅತ್ತೆ ಹೆಣಿಗೆಯ ಕಡ್ಡಿ ನಿಲ್ಲಿಸಿ, "ಮೊದಲರ್ಧ ಸರಿಯಾಗೇ ಇದ್ರಲ್ಲೋ," ಎಂದರು.

"ಅದೇ ನಾನು ಹೇಳೋದು. ಶುರುವಲ್ಲಿ ಸರಿ ಇರ್ತಾರೆ, ಹೊತ್ತು ಹೋದ ಹಾಗೆ ತಪ್ತಾರೆ. ಮನಸ್ಸು ಸೋಲುತ್ತೆ."

ಸೊಸೆ ಮೂಲೆಯ ಬೆತ್ತದ ಸ್ಟೂಲಿನ ಮೇಲೆ ಕೂತು ಮಾವನನ್ನೇ ನೋಡುತ್ತಿದ್ದಳು. ಮಾವ ಕಣ್ಣೊರೆಸಿಕೊಂಡು, ತೊಡೆಯ ಮೇಲಿದ್ದ ಟ್ಯಾಬ್ ಎತ್ತಿ ತೋರಿಸಿ, ಅವಳಿಗೆ ಮಾತ್ರ ಕಾಣುವ ಹಾಗೆ ಹೆಬ್ಬೆರಳೆತ್ತಿದರು. ಆ ಟ್ಯಾಬಿನಲ್ಲಿ ಓಡುತ್ತಿದ್ದ ಮಾತುಗಳು ಅವಳು ಬರೆದವು.

ಈ ಏರ್ಪಾಡು ಹುಟ್ಟಿದ್ದು ಹೀಗೆ. ಮಾವ ದರ್ಜಿ. ಮನೆಯಿಂದ ನಾಲ್ಕು ಅಂಗಡಿ ಆಚೆಗೆ ಅವರದೊಂದು ಪುಟ್ಟ ಮಳಿಗೆ. ಕಿವಿ ಹೋಗತೊಡಗಿದಾಗ ಮಗ ಕಿವಿಗೆ ಹಾಕುವ ಮಷೀನು ತಂದುಕೊಟ್ಟ. ಅದರಲ್ಲಿ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. "ಪಾತ್ರೆ ಅಂಗಡೀಲಿ ಕೂತ ಹಾಗಾಗುತ್ತೆ," ಎಂದು ಮಾವ ಅದನ್ನು ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಗಮನಿಸಿದ ಮೊದಲ ಸಂಗತಿಯೆಂದರೆ ಮನೆಯಲ್ಲಿ ಎಲ್ಲರೂ ನಕ್ಕ ಮೇಲೆ ಮಾವ ಒಬ್ಬೊಬ್ಬರ ಮುಖ ನೋಡಿ ತಾವೂ ಒಂದು ನಗು ನಗುತ್ತಿದ್ದದ್ದು. ಯಾತಕ್ಕೆಂದು ಗೊತ್ತಿಲ್ಲದ ನಗು ಅದು. "ಏನಂತೆ?" ಎಂದು ಕೇಳಿದರೆ ಅತ್ತೆ "ಆಮೇಲೆ ಹೇಳ್ತೀನಿ" ಎಂದು ಕೈ ಮಾಡುವರು. ಆ "ಆಮೇಲೆ" ಬಂದದ್ದನ್ನು ಸೊಸೆ ಒಂದು ಸಲವೂ ನೋಡಲಿಲ್ಲ. ಇದಕ್ಕೆ ಏನಾದರೂ ಮಾಡಬೇಕೆಂದು ಅವಳು ನಿಶ್ಚಯಿಸಿದಳು.

ಅವಳು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಕೀಬೋರ್ಡಿನ ಮೇಲೆ ಅವಳ ಬೆರಳು ಓಡುವುದನ್ನು ಒಮ್ಮೆ ಕಂಡ ಮಾವ ಅಂದಿನಿಂದ ಅವಳನ್ನು "ಟಕಟಕ" ಎಂದೇ ಕರೆಯುತ್ತಿದ್ದರು. ಸದ್ದು ಕೇಳದ ಮನುಷ್ಯ ಸದ್ದಿನ ಹೆಸರಿಟ್ಟದ್ದು ಅವಳಿಗೆ ಬಹಳ ಹಿಡಿಸಿತ್ತು. ಹಳೆಯ ಹಾಸ್ಯದ ಸಿನಿಮಾಗಳನ್ನು ನೆಟ್‌ನಿಂದ ಇಳಿಸಿಕೊಂಡು, ವಾರವಿಡೀ ಬಿಡುವಾದಾಗಲೆಲ್ಲ ಕೂತು, ಒಂದೊಂದು ಮಾತನ್ನೂ ಟೈಪು ಮಾಡಿ, ಅದು ಯಾವ ಕ್ಷಣಕ್ಕೆ ಬರಬೇಕೋ ಆ ಕ್ಷಣಕ್ಕೆ ಸಾಫ್ಟ್‌ವೇರಿನಲ್ಲಿ ಗುರುತು ಹಾಕಿ ಅವಳು ಸಿದ್ಧ ಮಾಡಿದಳು. ಅಕ್ಷರಗಳು ಟಿವಿಯ ಮೇಲೆಯೇ ಬರಲಿ ಎಂದರೆ ಅತ್ತೆ ಒಪ್ಪಲಿಲ್ಲ. "ಹೀರೋ ಗದ್ದದ ಮೇಲೆ ಇರುವೆ ಸಾಲು ಹೋದ ಹಾಗಿರುತ್ತೆ, ನಂಗೆ ಬೇಡಪ್ಪ," ಎಂದರು. ಹಾಗಾಗಿ ಮಾವನ ತೊಡೆಗೊಂದು ಟ್ಯಾಬ್ ಬಂತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗ ರಿಮೋಟ್ ಹಿಡಿದು, ಬೆರಳಲ್ಲಿ ಒಂದು, ಎರಡು, ಮೂರು ತೋರಿಸುವನು. ಅವನು ಟಿವಿ ಒತ್ತಿದ ಕ್ಷಣಕ್ಕೇ ಮಾವ ಟ್ಯಾಬ್ ಒತ್ತುವರು. ಸಿನಿಮಾ ಒಂದು ಕಡೆ, ಮಾತು ಇನ್ನೊಂದು ಕಡೆ, ಎರಡೂ ಜೊತೆಯಾಗಿ ಹೊರಡುತ್ತಿದ್ದವು. ಟ್ಯಾಬಿನಲ್ಲಿ ಏನು ಬರುತ್ತಿದೆಯೆಂದು ಬೇರೆ ಯಾರೂ ಇಣುಕಿ ನೋಡುತ್ತಿರಲಿಲ್ಲ.

ಮೊದಮೊದಲು ಮನೆಗೆ ಹಬ್ಬ ಬಂದ ಹಾಗಿತ್ತು. ಆಮೇಲೆ ಮಗನ ಕಣ್ಣಿಗೆ ಈ ಹೊತ್ತಲ್ಲದ ಹೊತ್ತಿನ ನಗು ಬಿತ್ತು.

ಮಗನದು ಔಷಧದ ಅಂಗಡಿ. ಗಿರಾಕಿಗಳು ಬಾಯಿತುಂಬ "ಡಾಕ್ಟ್ರೇ" ಎಂದು ಕರೆದು ಕರೆದು ಅವನಿಗೂ ಸ್ವಲ್ಪ ನಂಬಿಕೆ ಬಂದುಬಿಟ್ಟಿತ್ತು. ಅವನು ಕೆಟ್ಟವನೇನಲ್ಲ, ಹೆದರಿದವನು. ಮರೆವಿನ ಕಾಯಿಲೆಯ ಮಾತ್ರೆ ಕೊಳ್ಳಲು ಬರುವ ಮನೆಯವರ ಮುಖಗಳನ್ನು ದಿನಾ ನೋಡುತ್ತಿದ್ದ. ಒಬ್ಬ ಗಿರಾಕಿಯ ತಂದೆ ಗ್ಯಾಸ್ ಒಲೆ ಹಚ್ಚಿಟ್ಟು ಮರೆತು ಅಡುಗೆಮನೆಯನ್ನೇ ಸುಟ್ಟುಕೊಂಡಿದ್ದ. ತನ್ನ ಅಪ್ಪನ ಕೈಯಲ್ಲಿ ದಿನವಿಡೀ ಉದ್ದನೆಯ ಕತ್ತರಿ, ಕಾದ ಇಸ್ತ್ರಿಪೆಟ್ಟಿಗೆ, ಮೋಟರಿನ ಹೊಲಿಗೆ ಯಂತ್ರ. ಇದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅದಕ್ಕೇ ಊಟದ ಹೊತ್ತಿನಲ್ಲಿ ತೀರ್ಮಾನವಾಯಿತು. ಮೊಬೈಲ್ ಕವರು ಮಾರುವ ಪಕ್ಕದ ಅಂಗಡಿಯವನು ಅಪ್ಪನ ಮಳಿಗೆ ಬೇಕೆಂದು ಕೇಳುತ್ತಲೇ ಇದ್ದ. ತಿಂಗಳ ಕೊನೆಗೆ ಅವನಿಗೆ ಬೀಗದ ಕೈ ಕೊಟ್ಟುಬಿಡುವುದು. ಮಾವ ಮಗನಿಗೂ ಹೆಂಡತಿಗೂ ನಡುವೆ ಕೂತು ಊಟ ಮಾಡುತ್ತಿದ್ದರು. ಎರಡು ಕಡೆ ಬಾಯಿಗಳು ಆಡುವುದನ್ನು ನೋಡಿ, "ಏನಂತೆ?" ಎಂದರು.

"ಏನಿಲ್ಲ, ಊಟ ಮಾಡಿ," ಎಂದು ಅತ್ತೆ ಕೈ ಆಡಿಸಿದರು.

ಮರುದಿನ ಮಗ ಒಂದು ಚೀಟಿಯಲ್ಲಿ ಬರೆದುಕೊಟ್ಟ: ಅಪ್ಪ, ದುಡಿದದ್ದು ಸಾಕು. ಮುಂದಿನ ತಿಂಗಳಿಂದ ಅಂಗಡಿ ಬೇಡ, ಆರಾಮಾಗಿರು. ಮಾವ ಅದನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡರು. ಎಂದಿನಂತೆ ಮಳಿಗೆಗೆ ಹೊರಟರು.

ಸೊಸೆಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಮಧ್ಯಾಹ್ನ ಮಾವನಿಗೆ ಡಬ್ಬಿ ತಲುಪಿಸುವ ನೆಪದಲ್ಲಿ ಅವಳು ಮಳಿಗೆಯಲ್ಲಿ ಕೂತು ನೋಡತೊಡಗಿದಳು. ನೋಡಿದಷ್ಟೂ ಬೆರಗಾದಳು. ಬೆನ್ನ ಹಿಂದೆ ಬಂದವರು ಕಾಣಲಿ ಎಂದು ಯಂತ್ರದ ಎದುರಿಗೆ ಮಾವ ಒಂದು ಸಣ್ಣ ಕನ್ನಡಿ ತೂಗುಹಾಕಿದ್ದರು. ಎಡ ಅಂಗೈಯನ್ನು ಸದಾ ಯಂತ್ರದ ಹಲಗೆಯ ಮೇಲೆ ಇಟ್ಟಿರುತ್ತಿದ್ದರು. ಸೂಜಿ ಮೊಂಡಾದರೆ ಹಲಗೆ ಬೇರೆ ಥರ ನಡುಗುತ್ತದಂತೆ, ಕೈಗೆ ಗೊತ್ತಾಗುತ್ತದಂತೆ. ಕೋಟು ಹೊಲಿಸಲು ಬಂದ ಒಬ್ಬನ ಮೈಮೇಲೆ ಟೇಪು ಓಡಿಸಿ ಕಳಿಸಿದ ಮೇಲೆ, ಬಟ್ಟೆಯ ಮೇಲೆ ಎಡಭುಜದ ಹತ್ತಿರ ಸೀಮೆಸುಣ್ಣದ ಗೆರೆಯನ್ನು ಒಂದಿಷ್ಟೇ ಮೇಲಕ್ಕೆ ಎಳೆದರು. ಅದೇಕೆಂದು ಅವಳು ಹುಬ್ಬಿನಲ್ಲೇ ಕೇಳಿದಳು.

"ಅವನ ಒಂದು ಭುಜ ತಗ್ಗು," ಎಂದರು ಮಾವ. "ಅವನಿಗೇ ಗೊತ್ತಿಲ್ಲ. ನಾನೂ ಹೇಳಲ್ಲ. ಒಳಗೆ ಸ್ವಲ್ಪ ಹತ್ತಿ ಇಟ್ರೆ ಆಯ್ತು. ಕನ್ನಡಿ ಮುಂದೆ ನಿಂತಾಗ, ಪರವಾಗಿಲ್ವೇ ನಾನು, ಅಂದ್ಕೋತಾನೆ."

ಇಂಥ ಮನುಷ್ಯನ ಬುದ್ಧಿ ಜಾರುತ್ತಿದೆಯೇ? ಜಾರುವುದಾದರೆ ಭಾನುವಾರ ಮಧ್ಯಾಹ್ನ ಮಾತ್ರವೇ, ಅದೂ ಸಿನಿಮಾದ ಎರಡನೆಯ ಅರ್ಧದಲ್ಲಿ ಮಾತ್ರವೇ? ಸೊಸೆ ಡಬ್ಬಿ ಹಿಡಿದುಕೊಂಡು ಕೆಲಸಕ್ಕೆ ಹೋದಳು. ತಲೆಯಲ್ಲಿ ಹುಳ ಬಿಟ್ಟುಕೊಂಡೇ ಹೋದಳು.

ಮುಂದಿನ ಭಾನುವಾರ ಒಂದು ವಿಚಿತ್ರವಾಯಿತು. ಅವಳು ಸಾಮಾನ್ಯವಾಗಿ ಸಿನಿಮಾ ಇಳಿಸಿಕೊಳ್ಳುತ್ತಿದ್ದ ಜಾಲತಾಣ ಆ ವಾರ ತೆರೆಯಲೇ ಇಲ್ಲ. ಬೇರೊಂದು ಕಡೆಯಿಂದ ಇಳಿಸಿಕೊಂಡಿದ್ದಳು. ಆ ದಿನ ಮಾವ ಶುರುವಿನಿಂದ ಕೊನೆಯವರೆಗೆ ಎಲ್ಲರ ಜೊತೆಗೇ ನಕ್ಕರು, ಎಲ್ಲರ ಜೊತೆಗೇ ಅತ್ತರು. ಒಂದು ಸಲವೂ ತಪ್ಪಲಿಲ್ಲ.

"ಇವತ್ತು ಒಳ್ಳೇ ದಿನ," ಎಂದ ಮಗ. "ಈ ಕಾಯಿಲೇಲಿ ಹಾಗೇನೇ. ಒಳ್ಳೇ ದಿನ, ಕೆಟ್ಟ ದಿನ ಅಂತ ಇರ್ತವೆ. ಅದನ್ನ ನೋಡಿ ಮೋಸ ಹೋಗಬಾರದು."

ಸೊಸೆ ಪಾತ್ರೆ ತೊಳೆಯುತ್ತ ನಿಂತಲ್ಲೇ ನಿಂತಳು. ಇಂಥ ಒಳ್ಳೆಯ ದಿನ ಹಿಂದೆಯೂ ಒಂದು ಬಂದಿತ್ತು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕಂಪ್ಯೂಟರ್ ತೆರೆದು ನೋಡಿದಳು. ಆ ಸಿನಿಮಾವೂ ಇದೇ ಎರಡನೆಯ ತಾಣದಿಂದ ಇಳಿಸಿದ್ದು. ಕೆಟ್ಟ ದಿನಗಳೆಲ್ಲ ಮೊದಲ ತಾಣದವು. ಕಾಯಿಲೆಗೆ ಯಾವ ತಾಣದ ಸಿನಿಮಾ ಎಂದು ಹೇಗೆ ಗೊತ್ತಾಗಬೇಕು?

ಅವಳ ಡಿಟಿಪಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನೊಬ್ಬನಿದ್ದ. ಕಟ್ಟಡದವರೆಲ್ಲ ಅವನನ್ನು ಫ್ರೇಮಣ್ಣ ಎನ್ನುತ್ತಿದ್ದರು. ಪರದೆ ಎಳೆದ ಕೋಣೆಯಲ್ಲಿ, ತಣ್ಣಗಾದ ಟೀ ಲೋಟಗಳ ನಡುವೆ, ಸದಾ ಯಾರದೋ ಮದುವೆಯ ಊಟದ ಸಾಲನ್ನು ಮುಂದಕ್ಕೆ ಹಿಂದಕ್ಕೆ ಓಡಿಸುತ್ತ ಗೊಣಗುತ್ತಿದ್ದ. ಸೊಸೆ ಪೆನ್‌ಡ್ರೈವ್ ಕೊಟ್ಟು ವಿಷಯ ಹೇಳಿದಳು. ಕೇಳುತ್ತ ಕೇಳುತ್ತ ಅವನ ಗೊಣಗಾಟ ನಿಂತಿತು.

"ಹಣೆಬರಹ ನೋಡೋಣ ತಾಳಿ," ಎಂದು ಅವನು ಫೈಲು ತೆರೆದ. "ಪ್ರತಿ ವಿಡಿಯೋ ಫೈಲಿಗೂ ಹಣೇಲಿ ಒಂದಿಷ್ಟು ಬರೆದಿರುತ್ತೆ ಮೇಡಂ. ಉದ್ದ ಎಷ್ಟು, ಅಗಲ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತೆ ಅಂತ. ನೋಡಿ ಇಲ್ಲಿ, ಸೆಕೆಂಡಿಗೆ ಇಪ್ಪತ್ತನಾಲ್ಕು ಅಂತಿದೆ."

"ಸರಿಯಾಗೇ ಇದೆಯಲ್ಲ?"

"ಹಣೇಲಿ ಬರೆದದ್ದು ಇಪ್ಪತ್ತನಾಲ್ಕು. ಹೊಟ್ಟೇಲಿ ಏನಿದೆ ಅಂತ ನೋಡ್ಬೇಕಲ್ಲ. ಬರೆದದ್ದನ್ನ ನಂಬೋದಾದ್ರೆ ನಾನು ಈ ಕಸುಬು ಬಿಟ್ಟು ಯಾವಾಗಲೋ ಮನೇಲಿ ಕೂರಬೇಕಿತ್ತು." ಅವನು ಕಂಪ್ಯೂಟರಿಗೆ ಚಿತ್ರಗಳನ್ನು ಒಂದೊಂದಾಗಿ ಎಣಿಸಲು ಹೇಳಿ, ಬಂದ ಮೊತ್ತವನ್ನು ಸಿನಿಮಾ ನಿಜವಾಗಿ ಓಡುವ ಹೊತ್ತಿನಿಂದ ಭಾಗಿಸಿದ. ಪರದೆಯ ಮೇಲೆ ಇಪ್ಪತ್ತಮೂರು ಚುಕ್ಕೆ ಒಂಬತ್ತು ಏಳು ಆರು ಎಂದು ಬಂತು. "ಸಿಕ್ಕಿಬಿದ್ದ ಕಳ್ಳ. ಯಾರೋ ಈ ಫೈಲು ಮಾಡುವಾಗ ಚಿಲ್ಲರೆ ಯಾಕೆ ಅಂತ ಇಪ್ಪತ್ತನಾಲ್ಕು ಮಾಡಿಬಿಟ್ಟಿದ್ದಾರೆ."

"ಇಷ್ಟಕ್ಕೆ ಏನಾಗುತ್ತೆ ಅಣ್ಣ? ಕೂದಲೆಳೆಯಷ್ಟು."

"ಸಾವಿರ ಸೆಕೆಂಡಿಗೆ ಒಂದು ಸೆಕೆಂಡು. ನಿಮ್ಮ ಸಿನಿಮಾ ಎಷ್ಟುದ್ದ, ಎರಡೂವರೆ ಗಂಟೆಯಾ? ಹಾಗಾದ್ರೆ ಕೊನೆಗೆ ಬರೋ ಹೊತ್ತಿಗೆ ನಿಮ್ಮ ಅಕ್ಷರ ಒಂಬತ್ತು ಸೆಕೆಂಡು ಮುಂದೆ ಓಡಿರುತ್ತೆ."

ಟಿವಿಯಲ್ಲಿ ಯಾಕೆ ಏನೂ ತಪ್ಪು ಕಾಣುವುದಿಲ್ಲ ಎಂದು ಅವಳು ಕೇಳಿದಳು. ಫ್ರೇಮಣ್ಣ ತಾಳ್ಮೆಯಿಂದಲೇ ಬಿಡಿಸಿ ಹೇಳಿದ. ಟಿವಿ ಹಣೆ ನೋಡುವುದಿಲ್ಲ. ಒಂದೊಂದು ಚಿತ್ರದ ಬೆನ್ನಿಗೂ ಅದು ಯಾವಾಗ ಬರಬೇಕೆಂಬ ಚೀಟಿ ಅಂಟಿರುತ್ತದೆ, ಟಿವಿ ಆ ಚೀಟಿ ನೋಡಿ ಓಡಿಸುತ್ತದೆ. ಅವಳು ಅಕ್ಷರ ಹಾಕುವ ಹಳೆಯ ಸಾಫ್ಟ್‌ವೇರು ಚೀಟಿ ನೋಡುವುದಿಲ್ಲ. ಇಷ್ಟನೆಯ ಚಿತ್ರಕ್ಕೆ ಈ ಮಾತು ಎಂದು ಗುರುತಿಟ್ಟುಕೊಂಡು, ಹಣೆಯಲ್ಲಿರುವ ಸಂಖ್ಯೆಯಿಂದ ಭಾಗಿಸಿ ಹೊತ್ತು ಬರೆಯುತ್ತದೆ. ಅವಳ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿದ್ದದ್ದು ಅಲ್ಲಿ ಚಿತ್ರವೂ ಅಕ್ಷರವೂ ಅದೇ ಸುಳ್ಳು ಸಂಖ್ಯೆಯಲ್ಲಿ ಓಡುತ್ತಿದ್ದದ್ದರಿಂದ. ಎರಡನೆಯ ತಾಣದ ಫೈಲನ್ನೂ ಎಣಿಸಿ ನೋಡಿದರು. ಅದರ ಹಣೆಯಲ್ಲಿ ಇಪ್ಪತ್ತೈದು, ಹೊಟ್ಟೆಯಲ್ಲೂ ಇಪ್ಪತ್ತೈದು.

"ಪಾಪ, ಇದು ಸತ್ಯವಂತ," ಎಂದ ಫ್ರೇಮಣ್ಣ. "ನಿಮ್ಮ ಮಾವನ ಹಾಗೆ."

ಮಾರನೆಯ ದಿನ ಸೊಸೆ ಅರ್ಧ ದಿನ ರಜೆ ಹಾಕಿದಳು. ಮನೆಯಲ್ಲಿ ಯಾರೂ ಇಲ್ಲದಾಗ ಕಿವಿಗೆ ಹತ್ತಿ ತುರುಕಿಕೊಂಡು, ಟಿವಿಯ ಸದ್ದು ಪೂರ್ತಿ ಇಳಿಸಿ, ಮಾವನ ಕುರ್ಚಿಯಲ್ಲಿ ಕೂತು, ಒಂದು ಕೈಯಲ್ಲಿ ರಿಮೋಟ್, ಇನ್ನೊಂದರಲ್ಲಿ ಟ್ಯಾಬ್ ಒತ್ತಿದಳು. ಶುರುವಿನಲ್ಲಿ ಮಾತು ಮಾತಿಗೂ ತುಟಿ ಕೂಡುತ್ತಿತ್ತು. ಆಮೇಲೆ ಪದಗಳು ಮೆಲ್ಲಗೆ ಮುಂದಕ್ಕೆ ಹೆಜ್ಜೆ ಹಾಕಿದವು. ಕೊನೆಯ ಭಾಗದಲ್ಲಂತೂ ಹೆಂಗಸಿನ ಮಾತು ಗಂಡಸಿನ ಬಾಯಿಗೆ ಬಂದು, ಉತ್ತರ ಬಂದ ಮೇಲೆ ಪ್ರಶ್ನೆ ಬಂದು, ಅವಳಿಗೆ ತಲೆ ಚಿಟ್ಟುಹಿಡಿಯಿತು. ಓದಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಮುಖಗಳು ಬರುವವರೆಗೆ ಕಾದು, ಯಾರ ಬಾಯಿಗೆ ಯಾವ ಮಾತು ಎಂದು ಹೊಂದಿಸಬೇಕು. ಅಷ್ಟರಲ್ಲಿ ಮುಂದಿನ ಮಾತುಗಳು ಬಂದಿರುತ್ತವೆ, ಅವನ್ನೂ ಹಿಡಿದಿಟ್ಟುಕೊಳ್ಳಬೇಕು. ಅವಳು ಸೋತು ಟಿವಿ ಆರಿಸಿದಳು. ಇದನ್ನು ಆ ಮನುಷ್ಯ ವಾರ ವಾರವೂ ಮಾಡಿದ್ದಾರೆ, ಮಾಡಿಯೂ ನಕ್ಕಿದ್ದಾರೆ. ಬುದ್ಧಿ ಜಾರಿದವರು ಮಾಡುವ ಕೆಲಸವೇ ಇದು? ತನ್ನ ಬುದ್ಧಿಗೇ ಆಗದ ಕೆಲಸ! ಅವಳಿಗೆ ಮಾವನ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ ಹತ್ತಿ ತೆಗೆಯುವುದನ್ನೂ ಮರೆತು ಮಳಿಗೆಗೆ ಓಡಿದಳು.

ಕನ್ನಡಿಯಲ್ಲಿ ಅವಳನ್ನು ಕಂಡು ಮಾವ ಯಂತ್ರ ನಿಲ್ಲಿಸಿದರು. ಅವಳ ಕಿವಿಯಿಂದ ಇಣುಕುತ್ತಿದ್ದ ಹತ್ತಿ ನೋಡಿ, "ಏನೇ ಟಕಟಕ, ನಮ್ಮ ಪಾರ್ಟಿ ಸೇರಿದ್ಯಾ?" ಎಂದರು.

ಅವಳು ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಟೈಪು ಮಾಡಿ ಹಿಡಿದಳು: ಮಾವ, ಸಿನಿಮಾದ ಕೊನೇಲಿ ಮಾತು ಮೊದಲು ಬರುತ್ತೆ, ಚಿತ್ರ ಆಮೇಲೆ ಬರುತ್ತೆ. ನಿಮಗೆ ಗೊತ್ತಿತ್ತಾ?

"ಗೊತ್ತಿರದೆ ಏನು?" ಮಾವ ತುಟಿಯಲ್ಲಿದ್ದ ಗುಂಡುಪಿನ್ನು ತೆಗೆದು ದಿಂಬಿಗೆ ಚುಚ್ಚಿದರು. "ಕೊನೆ ಹೊತ್ತಿಗೆ ನಾನು ಊರು ಮುಟ್ಟಿ ಕೈಕಾಲು ತೊಳೆದಿರ್ತೀನಿ. ಅವರೆಲ್ಲ ಇನ್ನೂ ಬಸ್ಸಲ್ಲೇ ಇರ್ತಾರೆ."

ಅವಳು ಟೈಪು ಮಾಡಿ ತೋರಿಸಿದಳು: ಮತ್ತೆ ಯಾಕೆ ಹೇಳಲಿಲ್ಲ?

"ವಾರವೆಲ್ಲ ಕೂತು ಬರೀತೀಯ. ಒಂದು ಭುಜ ತಗ್ಗು ಕಣಮ್ಮ ಅಂತ ಹೇಳಲಾ?" ಎಂದು ಅವರು ನಕ್ಕರು. ಆಮೇಲೆ ಕನ್ನಡಿಯತ್ತ ನೋಡಿ, ಬಾಗಿಲಲ್ಲಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ದನಿ ತಗ್ಗಿಸಿದರು. ತಗ್ಗಿಸಿದೆನೆಂದು ಅವರಿಗೆ ಅನ್ನಿಸಿರಬೇಕು, ಬೀದಿಗೆಲ್ಲ ಕೇಳುತ್ತಿತ್ತು. "ಇನ್ನೊಂದು ವಿಷಯ ಇದೆ. ಬೈಯಬೇಡ. ನಂಗೆ ಅದು ಖುಷಿ. ಈ ಮನೇಲಿ ಏನೇ ಆಗಲಿ, ಎಲ್ಲರಿಗೂ ಗೊತ್ತಾದ ಮೇಲೆ ನಂಗೆ ಗೊತ್ತಾಗೋದು. ಅದೂ ಗೊತ್ತಾದ್ರೆ. ಭಾನುವಾರ ಆ ಒಂದು ಗಂಟೆ ಮಾತ್ರ ಎಲ್ಲಾರಿಗಿಂತ ನಾನು ಮೊದಲು. ಅವರು ಬಾಯಿ ಬಿಟ್ಕೊಂಡು ಕಾಯ್ತಿರ್ತಾರೆ, ನಂಗೆ ಆಗಲೇ ಗೊತ್ತಿರುತ್ತೆ. ಎಷ್ಟು ವರ್ಷ ಆಗಿತ್ತು ಗೊತ್ತಾ, ಮೊದಲು ನಕ್ಕು?"

ಸೊಸೆ ಮತ್ತೆ ಫೋನಿನತ್ತ ಬಾಗಿದಳು. ಹೇಳಬೇಕಾದದ್ದು ಇನ್ನೂ ಇತ್ತು. ಟೈಪು ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು. ಟಕಟಕ ಎಂದು ಹೆಸರಾದ ಬೆರಳುಗಳು ಇದೊಂದು ಸಾಲಿಗೆ ತಡವರಿಸಿದವು. ಕೊನೆಗೆ ಫೋನನ್ನು ಅವರ ಕೈಗೇ ಕೊಟ್ಟಳು. ಮಾವ ನಿಧಾನವಾಗಿ ಓದಿದರು.

"ನಾನು ಮೊದಲೇ ನಕ್ಕೆ ಅಂತ ಅಂಗಡಿ ಮುಚ್ಚಿಸ್ತಿದ್ದಾನಾ?" ಎಂದರು. "ನಾನು ಇನ್ನೇನೋ ಅಂದ್ಕೊಂಡಿದ್ದೆ. ಹೊಲಿಗೆ ಕೆಟ್ಟಿರಬೇಕು, ಯಾರೋ ಗಿರಾಕಿ ಅವನ ಹತ್ರ ದೂರು ಹೇಳಿರಬೇಕು ಅಂತ. ಹಳೇ ಕೋಟೆಲ್ಲ ನೆನೆಸ್ಕೊಂಡು ನೆನೆಸ್ಕೊಂಡು ನೋಡಿದೆ, ಎಲ್ಲಿ ತಪ್ಪಿದೆ ಅಂತ." ಫೋನು ಅವಳಿಗೆ ಹಿಂತಿರುಗಿಸಿ, "ಆವತ್ತು ಊಟ ಮಾಡುವಾಗ ಮಾತಾಡ್ತಿದ್ದದ್ದು ಇದೇನಾ?" ಎಂದು ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು.

"ನನ್ನ ಪಕ್ಕದಲ್ಲೇ ಕೂತ್ಕೊಂಡು?"

ಅವಳು ಅತ್ತುಬಿಟ್ಟಳು. ಮಾವ ಯಂತ್ರದ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು, ಮತ್ತೊಂದು ಸುತ್ತು ತಿರುಗಿಸಿದರು. ಆಮೇಲೆ ಚೂರು ಬಟ್ಟೆಯ ರಾಶಿಯಿಂದ ಒಂದು ಮೆತ್ತನೆಯ ತುಂಡು ಹುಡುಕಿ ಅವಳಿಗೆ ಕೊಟ್ಟರು. "ಕಣ್ಣೊರೆಸ್ಕೋ. ಅವನಿಗೆ ಹೇಳೋಕೆ ಹೋಗಬೇಡ, ಡಾಕ್ಟ್ರು ಯಾರ ಮಾತೂ ಕೇಳಲ್ಲ. ಅವನಿಗೂ ಒಂದು ಡೋಸ್ ಕೊಡು."

ಡೋಸ್ ಭಾನುವಾರಕ್ಕೆ ನಿಗದಿಯಾಯಿತು. ಸೊಸೆ ಮೊದಲ ತಾಣದಿಂದಲೇ, ಸುಳ್ಳು ಹಣೆಯದೇ ಒಂದು ಸಿನಿಮಾ ಇಳಿಸಿ, ಎಂದಿನಂತೆಯೇ ಬರೆದಿಟ್ಟಿದ್ದಳು. ಊಟವಾದ ಮೇಲೆ ಗಂಡನಿಗೆ, "ರೀ, ಇಷ್ಟು ದಿನ ಬರೆದಿದ್ದೀನಿ, ನೀವು ಒಂದು ಸಲನಾದ್ರೂ ಓದಿದ್ದೀರಾ? ಇವತ್ತು ಮಾವನ ಹಾಗೇ ಕೂತು ನೋಡಿ," ಎಂದಳು. ಅವನಿಗೂ ಅದು ನ್ಯಾಯವೆನ್ನಿಸಿತು. ಅವನದೇ ಅಂಗಡಿಯ ಹತ್ತಿಯನ್ನು ಅವನ ಕಿವಿಗೆ ತುರುಕಿ, ಮೇಲಿಂದ ಫ್ರೇಮಣ್ಣನ ದಪ್ಪ ಹೆಡ್‌ಫೋನ್ ಏರಿಸಿ, ಅಪ್ಪನ ಕುರ್ಚಿಯಲ್ಲಿ ಕೂರಿಸಿದರು. ರಿಮೋಟ್ ಮಾವನ ಕೈಗೆ ಬಂತು. ಬೆರಳಲ್ಲಿ ಒಂದು, ಎರಡು, ಮೂರು.

ಸಿನಿಮಾದಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದೇ ಕೆಲಸಕ್ಕೆ ಅರ್ಜಿ ಹಾಕುತ್ತಾರೆ, ಒಬ್ಬನ ಹೆಸರಲ್ಲಿ ಇನ್ನೊಬ್ಬ ಸಂದರ್ಶನಕ್ಕೆ ಹೋಗುತ್ತಾನೆ. ಶುರುವಿನಲ್ಲಿ ಎಲ್ಲರೂ ಕೂಡಿ ನಕ್ಕರು. ಆಮೇಲೆ ಮಗನ ನಗು ಅಲ್ಲೊಂದು ಇಲ್ಲೊಂದು ಮುಂದೆ ಬೀಳತೊಡಗಿತು. ಕೊನೆಯಲ್ಲಿ ಮ್ಯಾನೇಜರು ಕೋಣೆಗೆ ಬಂದು, ಕುರ್ಚಿ ಎಳೆದು, ಫೈಲು ಬಿಚ್ಚುತ್ತಿದ್ದ. ಇನ್ನೂ ಉಸಿರೆತ್ತಿರಲಿಲ್ಲ. ಮಗ ಕುರ್ಚಿಯ ಕೈ ಬಡಿದು ಹೋ ಎಂದು ನಕ್ಕ.

ಅತ್ತೆಯ ಕೈಯಿಂದ ಹೆಣಿಗೆ ಜಾರಿ ಬಿತ್ತು. "ಅಯ್ಯೋ ದೇವರೇ, ಇವನಿಗೂ ಶುರುವಾಯ್ತಲ್ಲ!" ಎಂದು ಎದೆ ಹಿಡಿದುಕೊಂಡರು.

ಮಾವನಿಗೆ ಆ ಮಾತು ಕೇಳಲಿಲ್ಲ. ಆದರೆ ಹೆಂಡತಿಯ ಮುಖ ಕಂಡಿತು, ಅಷ್ಟು ಸಾಕಾಯಿತು. ಅವರು ಗೋಡೆಗೆ ಒರಗಿ, ಬಾಗಿ, ಕೂತು, ಎದ್ದು ನಕ್ಕರು. ಮಗ ಬೆಚ್ಚಿ ನೋಡಿದ. ತಾಯಿ ತನ್ನನ್ನೇ ನೋಡುತ್ತಿದ್ದಾಳೆ. ಹೆಂಡತಿ ತನ್ನನ್ನೇ ನೋಡುತ್ತಿದ್ದಾಳೆ. ಟಿವಿಯಲ್ಲಿ ಮ್ಯಾನೇಜರು ಈಗಷ್ಟೇ ಬಾಯಿ ತೆರೆಯುತ್ತಿದ್ದಾನೆ. ಮಗ ಟ್ಯಾಬ್ ನೋಡಿದ, ಟಿವಿ ನೋಡಿದ, ಮತ್ತೆ ಟ್ಯಾಬ್ ನೋಡಿದ. ಹೆಡ್‌ಫೋನ್ ಕಳಚಿ, ಹತ್ತಿ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಅವನ ನಗು ಮೆಲ್ಲಗೆ ಇಳಿದುಹೋಯಿತು. ಅರ್ಧ ಡಾಕ್ಟರಾದರೂ ಪೂರ್ತಿ ಬುದ್ಧಿವಂತನೇ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅವನು ಎದ್ದುಬಂದು ಅಪ್ಪನ ಎದುರಿಗೆ ನೆಲದ ಮೇಲೆ ಕೂತ. ತುಟಿ ಕಾಣಲೆಂದು ಮುಖವನ್ನು ಬೆಳಕಿಗೆ ಮಾಡಿ, ಒಂದೊಂದೇ ಪದ ಬಿಡಿಸಿ, "ಅಪ್ಪ. ಅಂಗಡಿ. ಮುಚ್ಚಬೇಡ," ಎಂದ. ಅಷ್ಟು ಹೇಳಿ ಅತ್ತುಬಿಟ್ಟ.

ಮಾವ ಅವನ ತಲೆಯ ಮೇಲೆ ಕೈ ಇಟ್ಟರು. "ಟೇಪು ಹಿಗ್ಗಿದ್ರೆ ಅಳತೆ ಕಮ್ಮಿ ಬರುತ್ತೆ ಕಣೋ ಡಾಕ್ಟ್ರೇ. ಅದಕ್ಕೆ ಗಿರಾಕಿ ಸೊರಗಿದ ಅಂತ ಟಾನಿಕ್ ಕೊಡ್ತಾರಾ?" ಎಂದರು. ಅಳುತ್ತಿದ್ದ ಮಗನಿಗೂ ನಗು ಬಂತು. ಅದು ಇಳಿಯುವವರೆಗೆ ಕಾದು, ಮಾವ ಬೇರೆಯೇ ದನಿಯಲ್ಲಿ ಹೇಳಿದರು: "ಇನ್ನು ಮೇಲೆ ನನ್ನ ವಿಷಯ ಮಾತಾಡೋದಿದ್ರೆ, ನನ್ನ ಕಡೆ ಮುಖ ಮಾಡಿ ಮಾತಾಡಿ. ಅಷ್ಟು ಸಾಕು."

ಅತ್ತೆ ತಲೆ ತಗ್ಗಿಸಿ ಬಿದ್ದ ಹೆಣಿಗೆ ಎತ್ತಿಕೊಂಡರು. ಮೊಬೈಲ್ ಕವರಿನವನಿಗೆ ಮಗನೇ ಹೋಗಿ ಬೇರೆ ಮಳಿಗೆ ನೋಡಿಕೊಳ್ಳಲು ಹೇಳಿಬಂದ.

ಆ ವಾರ ಸೊಸೆ ಕೂತು ಎಲ್ಲವನ್ನೂ ತಿದ್ದಿದಳು. ಇಪ್ಪತ್ತನಾಲ್ಕು ಇದ್ದಲ್ಲಿ ನಿಜವಾದ ಸಂಖ್ಯೆ ಕೊಟ್ಟು ಒಂದೊಂದು ಫೈಲನ್ನೂ ಮತ್ತೆ ಲೆಕ್ಕ ಹಾಕಿಸಿದಳು. ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಪದಕ್ಕೆ ತುಟಿ ಕೂಡಿತು. ಉಳಿಸುವ ಗುಂಡಿ ಒತ್ತುವ ಮುಂಚೆ ಅವಳ ಬೆರಳು ನಿಂತಿತು. ಇಷ್ಟು ಕರಾರುವಾಕ್ಕಾಗಿ ಮಾಡಿದರೆ ಮಾವ ಎಲ್ಲರ ಜೊತೆ ನಗುತ್ತಾರೆ, ನಿಜ. ಎಲ್ಲರಿಗಿಂತ ಮೊದಲು ನಗುವುದಿಲ್ಲ. ಅವಳು ಮತ್ತೆ ಫೈಲು ತೆರೆದು, ಎಲ್ಲ ಮಾತುಗಳನ್ನೂ ಒಟ್ಟಿಗೆ ಹಿಡಿದು, ಎರಡೇ ಎರಡು ಸೆಕೆಂಡು ಮೊದಲೇ ಬರುವ ಹಾಗೆ ಸರಿಸಿದಳು. ಇದು ಜಾರಿದ್ದಲ್ಲ, ಕೋಟಿನ ಭುಜದೊಳಗೆ ಇಟ್ಟ ಹತ್ತಿಯ ಹಾಗೆ. ಯಾರಿಗೂ ಹೇಳಲಿಲ್ಲ.

ಭಾನುವಾರ ಬಂತು. ಬೆರಳಲ್ಲಿ ಒಂದು, ಎರಡು, ಮೂರು ಆಯಿತು. ಸಿನಿಮಾದಲ್ಲಿ ಅಡುಗೆಯವನು ಪಾತ್ರೆಯ ಮುಚ್ಚಳ ಎತ್ತಿ ಒಳಗೆ ಇಣುಕಿದ. ಮಾವ ಒಂದು ಸಲ ಟ್ಯಾಬ್ ನೋಡಿದರು, ಒಂದು ಸಲ ತಲೆಯೆತ್ತಿ ಬೆತ್ತದ ಸ್ಟೂಲಿನ ಮೇಲಿದ್ದ ಸೊಸೆಯ ಕಡೆ ನೋಡಿದರು. ಹುಬ್ಬು ಮೇಲೇರಿತು. ಆಮೇಲೆ ಕುರ್ಚಿಯ ಕೈ ಬಡಿದು ನಕ್ಕರು. ಟಿವಿ ನೋಡುತ್ತಿದ್ದ ಮಗ ತಟ್ಟನೆ ಅಪ್ಪನ ಕಡೆ ತಿರುಗಿದ, ಅತ್ತೆಯೂ ತಿರುಗಿದರು. ಆ ಮುಖ ನೋಡಿ ಮೊದಲು ಮಗ ನಕ್ಕ, ಅವನ ಹಿಂದೆ ಅತ್ತೆ ನಕ್ಕರು, ಸೊಸೆಯಂತೂ ಆಗಲೇ ನಗುತ್ತಿದ್ದಳು. ಅಷ್ಟರಲ್ಲಿ ಅಡುಗೆಯವನು ಏನೋ ಅಂದ. ನಗುವಿನ ಗದ್ದಲದಲ್ಲಿ ಅದೇನೆಂದು ಮಾವನಿಗೂ, ಅದನ್ನು ಬರೆದ ಸೊಸೆಗೂ ಬಿಟ್ಟು ಆ ಕೋಣೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

"ಏನಂತೆ ಅಪ್ಪ?" ಎಂದು ಮಗ ಮುಖ ಮುಂದೆ ಮಾಡಿ ಕೇಳಿದ.

"ತಾಳು, ಹೇಳ್ತೀನಿ," ಎಂದು ಮಾವ ಟ್ಯಾಬ್ ಮೇಲಕ್ಕೆತ್ತಿ ಓದಿ ಹೇಳಿದರು.